ದ್ವೀಪಕ್ಕೆ ಒಯ್ದ ಸೌದೆ

“ಗುರುಗಳೇ, ಸಿದ್ಧತೆ ಎಷ್ಟಾದರೆ ಸಾಕು?” ಎಂದು ಶಿಷ್ಯ ಕೇಳಿದ.

ಅವನು ಸಂಸಾರಸ್ಥ. ತಾಯಿಯನ್ನು ಕರೆದುಕೊಂಡು ಕೆಲವು ದಿನ ವಿಶ್ರಾಂತಿಗೆಂದು ಒಂದು ದ್ವೀಪಕ್ಕೆ ಹೋಗಬೇಕೆಂದಿದ್ದ. ಎರಡು ಸಲ ದಿನ ಗೊತ್ತು ಮಾಡಿ, ಎರಡು ಸಲವೂ ಮುಂದೆ ಹಾಕಿದ್ದ. ಒಮ್ಮೆ ಔಷಧ ಸಾಲದೆನಿಸಿತ್ತು. ಇನ್ನೊಮ್ಮೆ, ಅಲ್ಲಿನ ನೀರು ಹೇಗಿದೆಯೋ ಎಂಬ ಅಳುಕು.

“ಕೂತುಕೋ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ಊರು ಘಟ್ಟದ ಮೇಲೆ, ಹೆಂಡತಿಯ ತವರು ಕಡಲ ದಂಡೆಯಲ್ಲಿ. ತವರಿನ ಅಂಗಳದಲ್ಲಿ ನಿಂತರೆ ದೂರದಲ್ಲಿ ಒಂದು ದ್ವೀಪ ಕಾಣುತ್ತಿತ್ತು. ಹುಡುಗಿಯಾಗಿದ್ದಾಗ ಅವಳು ದಿನವೂ ಅದನ್ನು ನೋಡುತ್ತ ಬೆಳೆದಿದ್ದಳು. ಅದರ ಮೇಲೆ ಕಾಲಿಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿದ್ದಳು: “ನಿಮ್ಮ ಜೊತೆ ಅಲ್ಲಿಗೆ ಹೋಗಿ ನಾಲ್ಕು ದಿನ ಇದ್ದು ಬರಬೇಕು. ಬೇರೆ ಏನೂ ಕೇಳುವುದಿಲ್ಲ.”

ಅವನು ಆಗಲಿ ಎಂದಿದ್ದ. ಮಕ್ಕಳು ದೊಡ್ಡವರಾದರು. ಅವಳ ಕೂದಲು ನರೆಯಿತು. ಅವಳು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ಅವನನ್ನು ಚುಚ್ಚಿತು. ಒಂದು ಸಂಕ್ರಾಂತಿಯ ದಿನ, “ಈ ವರ್ಷ ಹೋಗೋಣ” ಎಂದ.

ಆಗ ಕಡಲು ಶಾಂತವಾಗಿತ್ತು. ಆದರೆ ಅವನು ಹೊರಡಲಿಲ್ಲ, ವಿಚಾರಿಸತೊಡಗಿದ. ಅಲ್ಲಿ ಬಾವಿ ಇದೆಯೇ? ಹಾವು ಇದೆಯೇ? ಮೀನುಗಾರರು ಅಲ್ಲಿ ಕಟ್ಟಿದ ಗುಡಿಸಲಿಗೆ ಬಾಗಿಲು ಇದೆಯೇ? ಒಂದಕ್ಕೆ ಉತ್ತರ ಸಿಕ್ಕಿದರೆ ಅದರ ಹಿಂದೆ ಇನ್ನೊಂದು ಹುಟ್ಟುತ್ತಿತ್ತು. ಚಳಿ ಕಳೆಯಿತು, ಬೇಸಗೆಯೂ ಮುಗಿಯುತ್ತ ಬಂತು. ಕಡೆಗೆ ಅವರು ದಂಡೆಗೆ ಬಂದಾಗ ಮೀನುಗಾರರು ದೊಡ್ಡ ದೋಣಿಗಳನ್ನು ಮೇಲಕ್ಕೆಳೆದು ತೆಂಗಿನ ಗರಿ ಹೊದಿಸುತ್ತಿದ್ದರು. ಮಳೆ ಹಿಡಿದರೆ ಮೂರು ತಿಂಗಳು ಯಾರೂ ಕಡಲಿಗೆ ಇಳಿಯುವುದಿಲ್ಲ.

ಒಬ್ಬ ಅಂಬಿಗ ಒಪ್ಪಿದ. “ದ್ವೀಪದಲ್ಲಿ ಇಳಿಸಿ ಬರುತ್ತೇನೆ, ಹುಣ್ಣಿಮೆಯ ಮರುದಿನ ಬಂದು ವಾಪಸು ಕರೆತರುತ್ತೇನೆ. ಅಲ್ಲಿಯವರೆಗೆ ಮಳೆ ಬಾರದು” ಎಂದ.

“ಮೊದಲೇ ಬಂದರೆ?” ಎಂದ ವ್ಯಾಪಾರಿ. “ನಾವು ಕರೆದರೆ ನಿನಗೆ ಕೇಳುವುದು ಹೇಗೆ?”

“ದ್ವೀಪದ ತುದಿಯಲ್ಲಿರುವ ಬಂಡೆಯ ಮೇಲೆ ಬೆಂಕಿ ಹಾಕಿ. ಹೊಗೆ ಕಂಡರೆ ಬರುತ್ತೇನೆ.”

“ಸೌದೆ ಒದ್ದೆಯಾಗಿದ್ದರೆ?”

ಅಂಬಿಗ ಹೆಂಗಸಿನ ಕಡೆ ತಿರುಗಿದ. “ಅಕ್ಕಾ, ಇವರು ಮನೆಯಲ್ಲೂ ಹೀಗೆಯೋ?”

“ಊಟಕ್ಕೆ ಕೂತಾಗ ಸ್ವಲ್ಪ ಕಡಿಮೆ” ಎಂದಳು ಅವಳು.

ವ್ಯಾಪಾರಿ ನಗಲಿಲ್ಲ. ಪೇಟೆಗೆ ಹೋಗಿ ಒಣ ಸೌದೆಯ ಒಂದು ಕಟ್ಟು ಕೊಂಡು ತಂದು ದೋಣಿಗೆ ಹಾಕಿಸಿದ. “ತೆಂಗಿನ ಮರದ ದ್ವೀಪಕ್ಕೆ ಸೌದೆ ಹೊತ್ತುಕೊಂಡು ಹೋಗುವವರನ್ನು ಇವತ್ತು ಕಂಡೆ” ಎಂದಳು ಹೆಂಡತಿ. ಹಾಗೆಂದರೂ ಅವಳ ಕಣ್ಣು ದ್ವೀಪದ ಮೇಲೆಯೇ ಇತ್ತು.

ದ್ವೀಪ ಮುಟ್ಟಿದ ಮೊದಲ ಸಂಜೆಯೇ ಪಡುವಣದಲ್ಲಿ ಮೋಡ ಕಂಡಿತು. ವ್ಯಾಪಾರಿ ಸೌದೆಯನ್ನು ಗುಡಿಸಲಿನ ಸೋರದ ಮೂಲೆಗೆ ಸರಿಸಿದ. ಮರುದಿನ ಮೋಡ ಇನ್ನೂ ಹತ್ತಿರ ಬಂದಿತ್ತು. ಅವನು ಹಾಸಿಗೆ ಬಿಚ್ಚಿ ಸೌದೆಗೆ ಸುತ್ತಿದ. ಕಂಬಳಿಯನ್ನು ಅದರ ಮೇಲೆ ಹೊದಿಸಿದ. ಅವರಿಬ್ಬರೂ ಬರಿ ಚಾಪೆಯ ಮೇಲೆ ಮಲಗಿದರು.

“ಆಚೆ ದಂಡೆಗೆ ಆಮೆ ಬಂದಿದೆ, ಮೊಟ್ಟೆ ಇಡುತ್ತಿದೆ. ಬನ್ನಿ” ಎಂದು ಅವಳು ಕರೆದಳು.

“ಇಲ್ಲಿ ಮಳೆ ಬಂದರೆ ನೋಡಿಕೊಳ್ಳುವವರು ಯಾರು? ನೀನು ಹೋಗಿ ಬಾ.”

ಅವಳು ಹೋಗಿ ಬಂದಳು. ಮರುದಿನವೂ ಕರೆದಳು. ಅವನು ಬಾಗಿಲಲ್ಲಿ ಕೂತು ಮೋಡವನ್ನೇ ನೋಡುತ್ತಿದ್ದ. ಬೆಂಕಿ ಹಾಕಿ ಅಂಬಿಗನನ್ನು ಕರೆಯೋಣವೆಂದರೆ, ಇಷ್ಟು ಬೇಗ ಹಿಂದಿರುಗಿದರೆ ಅವಳು ಏನೆನ್ನುತ್ತಾಳೋ. ಹಾಕದೆ ಬಿಟ್ಟರೆ, ಕಡಲು ಮುಚ್ಚಿಬಿಟ್ಟರೆ. ಅವಳು ಮೂರನೆಯ ಸಲ ಕರೆಯಲಿಲ್ಲ. ಒಬ್ಬಳೇ ದ್ವೀಪ ಸುತ್ತಿದಳು.

ಹುಣ್ಣಿಮೆಗೆ ಮೊದಲೇ ಮಳೆ ಹಿಡಿಯಿತು. ಅವಳು ಆಚೆ ದಂಡೆಯಲ್ಲಿದ್ದಳು. ಬರುವ ದಾರಿಯ ತಗ್ಗಿಗೆ ಕಡಲ ನೀರು ನುಗ್ಗಿತ್ತು. ಕತ್ತಿನವರೆಗಿನ ನೀರನ್ನು ದಾಟಿ, ಕೈಕಾಲು ತರಚಿಕೊಂಡು ಅವಳು ಗುಡಿಸಲು ಮುಟ್ಟಿದಾಗ ತುಟಿ ಕಪ್ಪಾಗಿತ್ತು, ಹಲ್ಲು ಕಟಕಟಿಸುತ್ತಿತ್ತು. ಅವನು ಕಂಬಳಿ ಎಳೆದು ಅವಳಿಗೆ ಸುತ್ತಿದ. ನಡುಕ ನಿಲ್ಲಲಿಲ್ಲ. ಮೈ ಇನ್ನೂ ತಣ್ಣಗಾಗುತ್ತಿತ್ತು. ಹೊರಗಿನ ಗರಿ, ಕಟ್ಟಿಗೆ, ತೆಂಗಿನ ಸಿಪ್ಪೆ ಎಲ್ಲವೂ ನೆನೆದಿದ್ದವು. ಇಡೀ ದ್ವೀಪದಲ್ಲಿ ಒಣಗಿದ್ದದ್ದು ಅದೊಂದೇ ಕಟ್ಟು.

ಅವನು ಕಟ್ಟಿನ ಹಗ್ಗಕ್ಕೆ ಕೈ ಹಾಕಿದ. ಇಲ್ಲಿ ಉರಿಸಿದರೆ ಬಂಡೆಗೆ ಉಳಿಯುವುದಿಲ್ಲ. ಮೂರು ತಿಂಗಳು, ಡಬ್ಬಿಯಲ್ಲಿರುವ ಅಕ್ಕಿ ಹತ್ತು ದಿನಕ್ಕೂ ಸಾಲದು. ಅವನ ಕೈ ಹಗ್ಗದ ಮೇಲೆ ನಿಂತಿತು.

ಹೆಂಡತಿ ಆ ಕೈಯನ್ನು ನೋಡುತ್ತಿದ್ದಳು.

“ಇರಲಿ ಬಿಡಿ. ಬಂಡೆಗೇ ಇರಲಿ” ಎಂದಳು.

ಆ ಮಾತು ಕಿವಿಗೆ ಬಿದ್ದದ್ದೇ ಅವನು ಹಗ್ಗವನ್ನು ಹಲ್ಲಿನಿಂದ ಕಚ್ಚಿ ಹರಿದ. ಬೆಂಕಿ ಮಾಡಿದ. ಒಂದೊಂದಾಗಿ ಎಲ್ಲ ಸೌದೆಯನ್ನೂ ಉರಿಗೆ ಹಾಕಿದ. ಅವಳ ಮೈಗೆ ಬಿಸಿ ಬಂತು. ಬೆಳಗಾಗುವಾಗ ಬೂದಿ ಮಾತ್ರ ಉಳಿದಿತ್ತು. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಅವಳು ನಿದ್ದೆಹೋಗಿದ್ದಳು. ಅವನು ಬೂದಿಯ ಮುಂದೆ ಕೂತು, ತಾನು ಇಬ್ಬರನ್ನೂ ಕೊಂದೆ ಎಂದುಕೊಂಡ.

ಆಗ ದಂಡೆಯಿಂದ ಕೂಗು ಕೇಳಿಸಿತು. ಅಂಬಿಗ ದೋಣಿಯನ್ನು ಮರಳಿಗೆ ಎಳೆದು ನಿಂತಿದ್ದ.

“ಹೊಗೆ ಏಳಲೇ ಇಲ್ಲವಲ್ಲ! ನೀನು ಹೇಗೆ ಬಂದೆ?” ಎಂದ ವ್ಯಾಪಾರಿ.

“ಇಂಥ ಮಳೆಯಲ್ಲಿ ಹೊಗೆ ಏಳುತ್ತದೆಯೇ, ಸಾಹುಕಾರರೇ? ನೀವು ಕಂಡ ಮೋಡ ನನಗೂ ಕಾಣುತ್ತದೆ. ಇಬ್ಬರನ್ನು ಇಲ್ಲಿ ಇಳಿಸಿ ಹೋದವನು ನಾನೇ ತಾನೆ? ಬೇಗ ಹತ್ತಿ, ಅಲೆ ಏಳುತ್ತಿದೆ.”

“ಹಾಗಿದ್ದರೆ ಬೆಂಕಿ ಹಾಕಿ ಎಂದು ಏಕೆ ಹೇಳಿದೆ?”

“ನೀವು ಕೇಳುತ್ತಲೇ ಇದ್ದಿರಿ. ಏನಾದರೊಂದು ಹೇಳಬೇಕಲ್ಲ.”

ದೋಣಿ ಹೊರಟಿತು. ಅಲೆ ಎತ್ತಿ ಎತ್ತಿ ಹಾಕುತ್ತಿತ್ತು. ವ್ಯಾಪಾರಿ ಎರಡು ಕೈಗಳಿಂದಲೂ ದೋಣಿಯ ಅಂಚು ಹಿಡಿದು, ಮುಂದಿನ ದಂಡೆ ಎಷ್ಟು ಹತ್ತಿರ ಬಂತೆಂದು ನೋಡುತ್ತಿದ್ದ. ಹೆಂಡತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಮಳೆಯ ತೆರೆಯಲ್ಲಿ ತೆಂಗಿನ ತಲೆಗಳು ಮರೆಯಾಗುವವರೆಗೂ ಅವಳು ಈ ಕಡೆ ತಿರುಗಲಿಲ್ಲ. ದಂಡೆ ಸೇರಿದರು. ಅವಳು ಚೇತರಿಸಿಕೊಂಡಳು. ಇಬ್ಬರೂ ಘಟ್ಟ ಹತ್ತಿ ತಮ್ಮ ಊರಿಗೆ ಮರಳಿದರು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಗುರುಗಳೇ, ಅಂಬಿಗ ಬಂದ, ಸರಿ. ಆದರೆ ಅವನು ಬರುವವರೆಗೆ ಆ ಹೆಂಗಸನ್ನು ಉಳಿಸಿದ್ದು ಸೌದೆಯಲ್ಲವೇ? ವ್ಯಾಪಾರಿ ಅದನ್ನು ಅಷ್ಟು ಜೋಪಾನ ಮಾಡದೆ ಇದ್ದಿದ್ದರೆ ಅದೂ ನೆನೆಯುತ್ತಿತ್ತು. ಅವನ ಸಿದ್ಧತೆಯಲ್ಲಿ ತಪ್ಪೇನು ಬಂತು? ಅವನು ಕಳೆದುಕೊಂಡದ್ದಾದರೂ ಏನು?”

“ಸೌದೆ ಉಳಿಸಿತು, ನಿಜ” ಎಂದರು ಗುರುಗಳು. “ಆದರೆ ದ್ವೀಪ ಹೇಗಿತ್ತು ಎಂದು ಯಾರಾದರೂ ಕೇಳಿದರೆ, ಅವನು ಇಂದಿಗೂ ಹೆಂಡತಿಯ ಮುಖ ನೋಡುತ್ತಾನೆ.”