ಸುತ್ತಿ ಹೋಗು ಎಂದ ಹಕ್ಕಿ

"ಆ ಹಕ್ಕಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು ಕಣೇ. ತೇ… ತೇಲು… ಅಲ್ಲ. ತೇಗ… ಅದು ಮರ."

ತಿಪ್ಪಮ್ಮಜ್ಜಿ ಕಣ್ಣು ಮುಚ್ಚಿಕೊಂಡು ಆ ಹೆಸರನ್ನು ಹುಡುಕಿದಳು. ನಾಲಿಗೆಯ ತುದಿಯವರೆಗೂ ಬಂದು ಅದು ಮತ್ತೆ ಒಳಗೆ ಹೋಯಿತು. ಅವಳು ಚಳ್ಳಕೆರೆ ಕಡೆಯ ಬಯಲಲ್ಲಿ ಹುಟ್ಟಿ ಬೆಳೆದವಳು. ಈಗ ಇರುವುದು ವಡೋದರದ ಹೊರಗಿನ ಹೊಸ ಬಡಾವಣೆಯಲ್ಲಿ, ಮಗಳ ಮನೆಯಲ್ಲಿ. ಇಲ್ಲಿಗೆ ಬಂದು ಬಹಳ ವರ್ಷವಾದ ಮೇಲೆ ಕೆಲವು ಹೆಸರುಗಳು ಹೀಗೆ ಅರ್ಧವೇ ಬರುತ್ತಿದ್ದವು.

"ಟಿಟೋಡಿ," ಎಂದಳು ಮೊಮ್ಮಗಳು ತನ್ವಿ.

"ಅದು ಈ ಊರಿನವರು ಇಟ್ಟ ಹೆಸರು. ನಾನು ಕೇಳ್ತಿರೋದು ನಮ್ಮೂರಿನವರು ಇಟ್ಟಿದ್ದು."

ತನ್ವಿಯ ಕೈಯಲ್ಲಿ ಒಂದು ಶೂ ಡಬ್ಬವಿತ್ತು. ಒಳಗೆ ಹಳೇ ಟವೆಲ್ ಮಡಿಸಿ ಹಾಸಿದ್ದಳು. ಪಕ್ಕದ ಖಾಲಿ ಸೈಟಿನಲ್ಲಿ, ಜಲ್ಲಿಕಲ್ಲುಗಳ ನಡುವೆ, ಆ ಹಕ್ಕಿ ನಾಲ್ಕು ಮೊಟ್ಟೆ ಇಟ್ಟಿತ್ತು. ಸಂಜೆಗೆ ಅಲ್ಲಿಗೆ ಇಟ್ಟಿಗೆಯ ಟ್ರಾಕ್ಟರ್ ಬರುವುದಿತ್ತು. ಸೈಟಿನ ಮಾಲೀಕ ಜಯಂತಿಭಾಯಿ ಕೆಟ್ಟವರೇನಲ್ಲ. ಮೊಟ್ಟೆಗಳನ್ನು ಒಂದು ಡಬ್ಬದಲ್ಲಿಟ್ಟು ಬೇವಿನ ಮರಕ್ಕೆ ಕಟ್ಟಿಬಿಡು ಮಗಳೇ, ಪಾಪ, ಎಂದು ಅವರೇ ಬೆಳಿಗ್ಗೆ ತನ್ವಿಗೆ ಹೇಳಿ ಹೋಗಿದ್ದರು. ಅವಳು ಈಗ ಅಜ್ಜಿಯ ಹತ್ತಿರ ಹಗ್ಗ ಕೇಳಲು ಬಂದಿದ್ದಳು.

"ಮರದ ಮೇಲಿಟ್ರೆ ಟ್ರಾಕ್ಟರೂ ಹತ್ತಲ್ಲ, ನಾಯೀನೂ ಹತ್ತಲ್ಲ ಅಜ್ಜಿ."

"ಆ ಹಕ್ಕೀನೂ ಹತ್ತಲ್ಲ."

"ಮರ ಹತ್ತದೇ ಇರೋ ಹಕ್ಕಿ ಇರುತ್ತಾ?"

"ಇದೆಯಲ್ಲ, ಅಲ್ಲಿ ನಿಂತು ನಮ್ಮನ್ನೇ ಬೈತಾ ಇದೆ. ಮೊದಲು ಅದಕ್ಕೂ ಮರ ಹತ್ತೋಕೆ ಬರ್ತಿತ್ತು. ಒಂದು ಮಾತಿಗೋಸ್ಕರ ಬಿಟ್ಟುಬಿಡ್ತು."

ಅಜ್ಜಿ ಡಬ್ಬವನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲ ಮೇಲೆ ಮೊಮ್ಮಗಳಿಗೆ ಜಾಗ ಮಾಡಿದಳು. ಹಗ್ಗ ಆಮೇಲೆ ಕೊಡುತ್ತೇನೆ, ಮೊದಲು ಇದನ್ನು ಕೇಳು ಎಂದು ಶುರು ಮಾಡಿದಳು.

ಆಗ ಭೂಮಿ ಇನ್ನೂ ಹೊಸದು. ಆವಿಗೆಯಿಂದ ಈಗತಾನೇ ತೆಗೆದ ಮಡಕೆಯ ಹಾಗೆ ನೆಲ ಬೆಚ್ಚಗಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಹೊಳೆ ಬೆಳಿಗ್ಗೆ ಒಂದು ಕಡೆ ಹರಿದರೆ ಮಧ್ಯಾಹ್ನ ಇನ್ನೊಂದು ಕಡೆ ಹರಿಯುತ್ತಿತ್ತು.

ಹಕ್ಕಿಗಳಿಗೆ ಮೊಟ್ಟೆಯಿಡುವ ಕಾಲ ಬಂತು. ಆದರೆ ಇಡಲು ಜಾಗವಿಲ್ಲ. ಆಗ ದೊಡ್ಡ ಮರವೆಂದರೆ ಆಲದ ಮರ ಒಂದೇ. ಎಲ್ಲ ಹಕ್ಕಿಗಳೂ ಅದರ ಬುಡದಲ್ಲಿ ಸೇರಿದವು.

ಆಲದಜ್ಜ ಉದಾರಿಯೇ. ಬಂದ ಹಕ್ಕಿಗೆಲ್ಲ ಒಂದೊಂದು ಕೊಂಬೆ ಕೊಟ್ಟ. ಕೊಂಬೆಯನ್ನು ಬಿಗಿಯಾಗಿ ಹಿಡಿಯಲಿ ಎಂದು ಒಂದೊಂದು ಕಾಲಿಗೂ ಹಿಂಬೆರಳು ಕೊಟ್ಟ. ಇಷ್ಟಕ್ಕೆಲ್ಲ ಅವನು ಕೇಳಿದ್ದು ಒಂದೇ ಮಾತು. ದಿನಾ ಸಂಜೆ, ತಲೆ ಬಗ್ಗಿಸಿ, ಪ್ರತಿಯೊಂದು ಹಕ್ಕಿಯೂ ಹೀಗೆ ಹೇಳಬೇಕು: "ಕೊಂಬೆ ನಿನ್ನದು, ಗೂಡು ನಿನ್ನದು, ಮೊಟ್ಟೆಯೂ ನಿನ್ನದು."

ಕಾಗೆ ಕೇಳುವ ಮೊದಲೇ ಹೇಳಿತು. ಒಂದು ಸಲ ಸಾಲದೆಂದು ಇನ್ನೊಂದು ಸಲವೂ ಹೇಳಿ, ಕವಲೊಡೆದ ಒಳ್ಳೇ ಕೊಂಬೆ ಗಿಟ್ಟಿಸಿತು. ಮೈನಾ ರಾಗವಾಗಿ ಹೇಳಿತು. ಗುಬ್ಬಿ ಬಾಯಿ ತುಂಬ ಹುಲ್ಲು ಕಚ್ಚಿಕೊಂಡು ಏನೋ ಅಂದಿತು. ಏನೆಂದು ಯಾರಿಗೂ ತಿಳಿಯಲಿಲ್ಲ, ಆದರೂ ನಡೆಯಿತು.

ಕೊನೆಗೆ ಉದ್ದಕಾಲಿನ ಒಂದು ಹಕ್ಕಿಯ ಸರದಿ ಬಂತು. ಅವಳು ತಲೆ ಬಗ್ಗಿಸಲಿಲ್ಲ. "ಕೊಂಬೆ ನಿನ್ನದು, ಒಪ್ಪಿದೆ. ಕಡ್ಡಿ ನಿನ್ನದಾದ ಮೇಲೆ ಗೂಡೂ ನಿನ್ನದೇ ಇರಲಿ. ಮೊಟ್ಟೆ ಮಾತ್ರ ನನ್ನದು ಆಲದಜ್ಜ," ಎಂದಳು.

"ನಿನ್ನ ಮೊಟ್ಟೆ ಕಟ್ಟಿಕೊಂಡು ನಾನೇನು ಮಾಡಲಿ?" ಎಂದ ಆಲದಜ್ಜ. "ಎಲ್ಲರೂ ಹೇಳ್ತಾರೆ, ನೀನೂ ಹೇಳು. ಬರೀ ಒಂದು ಮಾತು."

"ಬರೀ ಮಾತಾದ್ರೆ ಬಿಟ್ಟುಬಿಡು."

ಕಾಗೆಗೆ ಸುಮ್ಮನಿರಲು ಆಗಲಿಲ್ಲ. "ಏನಮ್ಮಾ ಉದ್ದಕಾಲಿನವಳೇ, ತಲೆ ಬಗ್ಗಿಸಿದ್ರೆ ಕತ್ತು ನೋಯುತ್ತಾ?"

"ನಿನಗೆ ನೋಯಲ್ಲ ಬಿಡು. ನಿನಗೆ ಅಭ್ಯಾಸ ಆಗಿದೆ."

ಹಕ್ಕಿಗಳು ಕಿಸಕ್ಕೆಂದವು. ಆಲದಜ್ಜನಿಗೆ ಸಿಟ್ಟು ಬಂತು. ಕೊಂಬೆ ಬೇಡವಾದವಳಿಗೆ ಕೊಂಬೆ ಹಿಡಿಯುವ ಬೆರಳೂ ಬೇಡ, ನಾನು ಕೊಟ್ಟಿದ್ದನ್ನು ಇಲ್ಲೇ ಇಟ್ಟು ಹೋಗು ಎಂದ. ಅವಳು ಎರಡು ಕಾಲಿನ ಹಿಂಬೆರಳನ್ನೂ ಬಿಚ್ಚಿ ಅವನ ಬೇರಿನ ಮೇಲಿಟ್ಟಳು. ಚೂರೇ ಚೂರು ಮೋಟು ಕಾಲಲ್ಲಿ ಉಳಿಯಿತು, ಇದ್ದೂ ಇಲ್ಲದ ಹಾಗೆ.

ಅವಳು ನೆಲದ ಮೇಲೆ ನಡೆದುಕೊಂಡು ಹೊರಟಳು.

ಮೊದಲು ಹುಲ್ಲಿನ ಹತ್ತಿರ ಹೋದಳು. ಹುಲ್ಲು ನಾಚಿಕೊಂಡು, "ನಾನು ಗಾಳಿ ಬಂದ್ರೇ ಬಾಗಿಬಿಡ್ತೀನಿ ಅಕ್ಕಾ. ನಿನ್ನಂಥವಳಿಗೆ ನಾನು ಸರಿಹೋಗಲ್ಲ," ಎಂದಿತು.

ಆಮೇಲೆ ಹೊಳೆಯ ಹತ್ತಿರ ಹೋದಳು. ಹೊಳೆ ಹೇಳಿತು, ದಡದಲ್ಲಿ ಜಾಗವೇನೋ ಇದೆ, ಆದರೆ ನಾಳೆ ನಾನು ಎಲ್ಲಿ ಹರಿಯುತ್ತೇನೋ ನನಗೇ ಗೊತ್ತಿಲ್ಲ. ಒಂದು ಕೆಲಸ ಮಾಡು. ಬಿಸಿಲು ಹೆಚ್ಚಾದಾಗ ಬಂದು ನಿನ್ನ ಎದೆಯ ಗರಿ ಒದ್ದೆ ಮಾಡಿಕೊಂಡು ಹೋಗು. ಮೊಟ್ಟೆಗೆ ತಂಪಾಗುತ್ತೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕೊನೆಗೆ ಯಾರಿಗೂ ಬೇಡವಾದ ಬರಿ ಬಯಲಿಗೆ ಬಂದಳು. ಅಲ್ಲಿ ಜಲ್ಲಿಕಲ್ಲು ಬಿಟ್ಟರೆ ಏನೂ ಇರಲಿಲ್ಲ.

"ನಮ್ಮ ಹತ್ರ ನೆರಳಿಲ್ಲ," ಎಂದವು ಕಲ್ಲುಗಳು.

"ಬೇಡ."

"ಮೆತ್ತಗೆ ಹಾಸೋಕೂ ಏನಿಲ್ಲ."

"ಬೇಡ. ತಲೆ ಬಗ್ಗಿಸಬೇಕಾ?"

"ಬಗ್ಗಿಸಿದ್ರೂ ನಮಗೆ ಕಾಣಲ್ಲ. ನಾವು ನಿನ್ನ ಕಾಲ ಕೆಳಗಲ್ವಾ ಇರೋದು?"

ಅವಳಿಗೆ ಆ ಮಾತು ಹಿಡಿಸಿತು. ಎದೆಯಿಂದ ಒತ್ತಿ ಒತ್ತಿ ಒಂದು ಸಣ್ಣ ತಗ್ಗು ಮಾಡಿ ನಾಲ್ಕು ಮೊಟ್ಟೆ ಇಟ್ಟಳು. ಆಗ ಅವು ಬೆಳ್ಳಗಿದ್ದವು, ದೂರದಿಂದಲೇ ಕಾಣುತ್ತಿದ್ದವು. ಕಲ್ಲುಗಳು ಗುಸುಗುಸು ಮಾತಾಡಿಕೊಂಡು ತಮ್ಮ ಬಣ್ಣವನ್ನೇ ಮೊಟ್ಟೆಗಳಿಗೆ ಸವರಿದವು, ಮೇಲೆ ಕಪ್ಪು ಚುಕ್ಕೆ ಬೇರೆ ಇಟ್ಟವು. ಈಗ ಯಾವುದು ಕಲ್ಲು, ಯಾವುದು ಮೊಟ್ಟೆ ಎಂದು ಅವಳೊಬ್ಬಳಿಗೇ ಗೊತ್ತು.

ಅಷ್ಟಾದರೆ ಮುಗಿಯಿತೇ? ಮುಗಿಯಲಿಲ್ಲ.

ಒಂದು ಮಧ್ಯಾಹ್ನ ಗಾಳಿ ಏದುಸಿರು ಬಿಡುತ್ತಾ ಓಡಿಬಂತು. ಕೋಣಗಳ ಹಿಂಡು ಬಾಯಾರಿ ಹೊಳೆಯ ಕಡೆ ಬರುತ್ತಿದೆ, ನೇರ ಇದೇ ದಾರಿ, ಎಂದಿತು. ಹಕ್ಕಿಯ ಗಂಡ ಎದೆ ಒದ್ದೆ ಮಾಡಿಕೊಂಡು ಬರಲು ಹೊಳೆಗೆ ಹೋಗಿದ್ದ. ಇದ್ದವಳು ಅವಳೊಬ್ಬಳೇ. ದೂರದಲ್ಲಿ ಧೂಳು ಎದ್ದಿತು. ಕಾಲ ಕೆಳಗಿನ ಕಲ್ಲುಗಳು ನಡುಗತೊಡಗಿದವು. ಕಲ್ಲಿನ ಹಾಗೆ ಕಾಣುವ ಮೊಟ್ಟೆಯನ್ನು ಕೋಣಗಳು ಕಲ್ಲಿನ ಹಾಗೆಯೇ ತುಳಿದುಕೊಂಡು ಹೋಗುತ್ತವೆ.

ಆಲದ ಮರದ ಮೇಲಿನ ಹಕ್ಕಿಗಳೆಲ್ಲ ಕೊಂಬೆಯ ತುದಿಗೆ ಬಂದು ನೋಡುತ್ತಿದ್ದವು. ಆಲದಜ್ಜ ತನ್ನ ಉದ್ದನೆಯ ಬಿಳಲುಗಳನ್ನು ಅಲ್ಲಾಡಿಸಿದ.

"ಈಗಲೂ ಹೊತ್ತು ಮೀರಿಲ್ಲ. ಆ ಮಾತು ಹೇಳು, ಬಿಳಲು ಇಳಿಬಿಟ್ಟು ಗೋಡೆ ಕಟ್ತೀನಿ. ಒಂದು ಕೋಣವೂ ದಾಟಲ್ಲ. ಜೋರಾಗಿ ಹೇಳೋದೂ ಬೇಡ. ಮೆಲ್ಲಗೆ ಹೇಳು, ಯಾರಿಗೂ ಕೇಳಿಸಲ್ಲ."

ಗುಬ್ಬಿ ಅಳುದನಿಯಲ್ಲಿ ಕೂಗಿತು, "ಹೇಳಿಬಿಡೇ ಅಕ್ಕಾ. ಮೊಟ್ಟೆ ಉಳಿಯುತ್ತೆ."

ಅವಳು ಮೊಟ್ಟೆಗಳನ್ನು ನೋಡಿದಳು. ಸುಳ್ಳೇಕೆ ಹೇಳಲಿ, ಆ ಮಾತು ಗಂಟಲವರೆಗೂ ಬಂದಿತ್ತು.

"ಉಳಿಯುತ್ತೆ ಗುಬ್ಬೀ," ಎಂದಳು. "ನಾಳೆ ಒಡೆದು ಬರೋ ಮರಿ, ಅಮ್ಮಾ ನಾನು ಯಾರ ಮರಿ ಅಂತ ಕೇಳಿದ್ರೆ ಏನು ಹೇಳಲಿ?"

ಹೀಗೆಂದವಳು ಮೊಟ್ಟೆಗಳ ಮುಂದೆ ಬಂದು, ರೆಕ್ಕೆಗಳನ್ನು ಪೂರ್ತಿ ಬಿಚ್ಚಿ, ದಾರಿಗೆ ಅಡ್ಡ ನಿಂತಳು. ಹಿಂಡಿನ ಮುಂದಾಳು ಹಿರಿಯ ಕೋಣ. ಅವನ ಒಂದು ಗೊರಸು ಇವಳಿಗಿಂತ ದೊಡ್ಡದು.

"ಸುತ್ತಿ ಹೋಗು," ಎಂದಳು.

ಕೋಣ ನಿಂತ. ಎಲ್ಲಿಂದ ದನಿ ಬಂತೆಂದು ಮೊದಲು ಆಕಾಶ ನೋಡಿದ, ಆಮೇಲೆ ಎಡಕ್ಕೆ ಬಲಕ್ಕೆ ನೋಡಿದ. ಕೊನೆಗೆ ನೆಲ ನೋಡಿದ. "ನಾನು ಯಾರಂತ ಗೊತ್ತಾ?"

"ಗೊತ್ತು. ಕೋಣ. ಸುತ್ತಿ ಹೋಗು."

"ಇಲ್ಲಿ ಏನಿದೆ ಅಂತ ಸುತ್ತಿ ಹೋಗಲಿ? ನನಗೆ ಕಾಣೋದು ಬರೀ ಕಲ್ಲು."

"ನಿನಗೆ ಕಾಣಲ್ಲ ಅಂತಲೇ ನಾನು ನಿಂತಿರೋದು."

ಕೋಣ ತಲೆ ತಗ್ಗಿಸಿ ಬುಸ್ಸೆಂದ. ಆ ಉಸಿರಿಗೇ ಅವಳು ಉರುಳಿಬಿದ್ದಳು. ಎದ್ದು ಮತ್ತೆ ಅಲ್ಲೇ ನಿಂತಳು. ಕೊಂಬು ಬೀಸಿದ. ಅದರ ತುದಿ ಕಣ್ಣಿನ ಮುಂದೆಯೇ ಗೀರಿ ರಕ್ತ ಬಂತು. ಅವಳು ಕಣ್ಣು ಮಿಟುಕಿಸಲಿಲ್ಲ. "ಸುತ್ತಿ ಹೋಗು. ಸುತ್ತಿ ಹೋಗು. ಸುತ್ತಿ ಹೋಗು."

ಕೋಣ ಯೋಚಿಸಿದ. ತನ್ನನ್ನು ಕಂಡು ಓಡಿದವರನ್ನು ಅವನು ನೋಡಿದ್ದ, ಕೈಮುಗಿದವರನ್ನೂ ನೋಡಿದ್ದ. ದಾರಿ ಹೇಳಿದವರು ಯಾರೂ ಇರಲಿಲ್ಲ. ತುಳಿದು ಹೋಗಲು ಒಂದೇ ಹೆಜ್ಜೆ ಸಾಕು. ಆದರೆ ಆ ಹೆಜ್ಜೆ ಇಟ್ಟ ಮೇಲೆ ಈ ಕೂಗು ಸಾಯುವವರೆಗೂ ಕಿವಿಯಲ್ಲಿ ಉಳಿಯುತ್ತದೆ ಎಂದು ಅವನಿಗೆ ಅನ್ನಿಸಿತು.

ಹಿಂದೆ ನಿಂತವರು ಏನಾಯಿತು, ಏನಾಯಿತು ಎಂದು ನೂಕುತ್ತಿದ್ದರು. ಕೋಣ ಕತ್ತು ತಿರುಗಿಸಿ, "ಸುತ್ತಿ ಹೋಗೋಣ ನಡೀರಿ. ನಾಲ್ಕು ಹೆಜ್ಜೆ ಜಾಸ್ತಿ, ಅಷ್ಟೇ ತಾನೆ," ಎಂದ. ಹಿಂಡಿಗೆ ಹಿಂಡೇ ಅವಳನ್ನು ಬಳಸಿಕೊಂಡು ಹೊಳೆಗೆ ಹೋಯಿತು. ಅವಳ ಗಂಡ ಎದೆಯಿಂದ ನೀರು ತೊಟ್ಟಿಕ್ಕಿಸುತ್ತಾ ಬಂದು, ಇಷ್ಟೊಂದು ಧೂಳು ಹೇಗೆ ಬಂತು ಎಂದು ಕೇಳಿದನಂತೆ.

ಅವಳ ಕಣ್ಣಿನ ಮುಂದಿನ ಕೆಂಪು ಮಾತ್ರ ಆಮೇಲೆ ಆರಲೇ ಇಲ್ಲ.

ಆ ಸಂಜೆ ಆಲದಜ್ಜ ಎಂದಿನ ಮಾತಿಗಾಗಿ ಕಾದ. ಗುಬ್ಬಿ ಬಾಯಿ ತೆರೆಯಿತು, ಆದರೆ ಆ ಮಾತು ಹೊರಡಲಿಲ್ಲ. ಬದಲಿಗೆ ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿತು. ಮೈನಾ ಸೇರಿಕೊಂಡಿತು, ಗಿಳಿ ಸೇರಿಕೊಂಡಿತು, ಎಲ್ಲರೂ ಒಟ್ಟಿಗೇ ಕಿರುಚಿದರು. ಆ ಗದ್ದಲದಲ್ಲಿ ಯಾರು ಹೇಳಿದರು, ಯಾರು ಬಿಟ್ಟರು ಎಂದು ಆಲದಜ್ಜನಿಗೆ ತಿಳಿಯಲೇ ಇಲ್ಲ. ಇವತ್ತಿಗೂ ಹೊತ್ತು ಮುಳುಗುವಾಗ ಮರದ ತುಂಬ ಅದೇ ಗದ್ದಲ. ಕಾಗೆ ಮಾತ್ರ ಇನ್ನೂ ಹೇಳುತ್ತಿರಬಹುದು. ಅದರ ಮಾತು ಬಿಡು.

ತಿಪ್ಪಮ್ಮಜ್ಜಿ ಇಷ್ಟು ಹೇಳುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಟ್ರಾಕ್ಟರಿನ ಸದ್ದು ಕೇಳಿಸಿತು.

ತನ್ವಿ ಡಬ್ಬವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಈಗ ಏನು ಮಾಡೋದು?"

"ಕೊಡೆ ಎಲ್ಲಿದೆ?"

"ಮಳೆ ಇಲ್ವಲ್ಲ ಅಜ್ಜಿ."

"ಮಳೆಗಲ್ಲ. ತಗೊಂಡು ಬಾ."

ಇಬ್ಬರೂ ಸೈಟಿಗೆ ಹೋದರು. ಮೊಟ್ಟೆಯ ಮೇಲೆ ಕೂತಿದ್ದ ಹಕ್ಕಿ ಇವರನ್ನೂ ಬೈದು, ಆಮೇಲೆ ಟ್ರಾಕ್ಟರನ್ನು ಕಂಡು ಅದರ ಮುಂದೆ ಹೋಗಿ ರೆಕ್ಕೆ ಬಿಚ್ಚಿ ನಿಂತಿತು. ಅದರ ಹಿಂದೆ ತಿಪ್ಪಮ್ಮಜ್ಜಿ ಕಪ್ಪು ಕೊಡೆಯನ್ನು ಫಟ್ಟನೆ ಬಿಚ್ಚಿ ಅಡ್ಡ ಹಿಡಿದು ನಿಂತಳು. ಚಾಲಕ ಬ್ರೇಕ್ ಹಾಕಿ, ಅಮ್ಮಾ ಸ್ವಲ್ಪ ಸರಿದುಕೊಳ್ಳಿ, ಇಟ್ಟಿಗೆ ಇಳಿಸಬೇಕು ಎಂದು ಅವನ ಭಾಷೆಯಲ್ಲಿ ಹೇಳಿದ.

"ಸುತ್ತಿ ಹೋಗಪ್ಪ," ಎಂದಳು ಅಜ್ಜಿ, ಅವಳ ಭಾಷೆಯಲ್ಲಿ.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಕೊಡೆ ನೋಡಿದ, ಹಕ್ಕಿ ನೋಡಿದ, ಅವರಿಬ್ಬರ ಹಿಂದೆ ಕೈ ಅಗಲಿಸಿ ನಿಂತಿದ್ದ ಹುಡುಗಿಯನ್ನು ನೋಡಿದ. ತಲೆ ಕೆರೆದುಕೊಂಡು ಸ್ಟೀರಿಂಗ್ ತಿರುಗಿಸಿದ. ಇಟ್ಟಿಗೆಗಳೆಲ್ಲ ಸೈಟಿನ ಆಚೆ ಮೂಲೆಯಲ್ಲಿ ಇಳಿದವು. ಜಲ್ಲಿಯ ಮೇಲೆ ಟ್ರಾಕ್ಟರಿನ ಚಕ್ರದ ಗುರುತು ಸುತ್ತು ಹಾಕಿಕೊಂಡು ಹೋಗಿತ್ತು.

"ನೋಡಿದೆಯಾ?" ಎಂದಳು ಅಜ್ಜಿ. "ಖಾಲಿ ಬಯಲಲ್ಲಿ ಗುಂಡಿ ಇಲ್ಲ, ಬಂಡೆ ಇಲ್ಲ, ಕಾಲುದಾರಿ ಮಾತ್ರ ಸುಮ್ಮನೆ ಒಂದು ಕಡೆ ಬಾಗಿರುತ್ತಲ್ಲ, ಅಲ್ಲಿ ಯಾವತ್ತೋ ಈ ಹಕ್ಕಿ ನಿಂತಿತ್ತು ಅಂತಲೇ ತಿಳ್ಕೋ."

ಹಕ್ಕಿ ಮೊಟ್ಟೆಯ ಹತ್ತಿರ ನಡೆದು ಹೋಗಿ ಗರಿ ಕೊಡವಿ ಕೂತಿತು. ಅದರ ಕಣ್ಣಿನ ಮುಂದಿನ ಕೆಂಪು ಸಂಜೆಬಿಸಿಲಲ್ಲಿ ಹೊಳೆಯಿತು. ಅದನ್ನೇ ನೋಡುತ್ತಿದ್ದ ತಿಪ್ಪಮ್ಮಜ್ಜಿಗೆ ಇದ್ದಕ್ಕಿದ್ದಂತೆ ನಗು ಬಂತು.

"ತೇನೆ ಹಕ್ಕಿ," ಎಂದಳು. "ತೇನೆ ಹಕ್ಕಿ ಅಂತಿದ್ರು ನಮ್ಮೂರಲ್ಲಿ."

ತನ್ವಿ ಆ ಹೆಸರನ್ನು ಬಾಯಲ್ಲಿ ಒಮ್ಮೆ ಹೇಳಿ ನೋಡಿದಳು.

"ನಾಳೆ ಇನ್ನೊಬ್ಬ ಬರ್ತಾನೆ, ಮರಳು ಹಾಕೋಕೆ. ನಾನು ಆಗ ಮಲಗಿರಬಹುದು," ಎಂದಳು ಅಜ್ಜಿ. "ಆ ಡಬ್ಬದ ಮುಚ್ಚಳ ತಗೊಂಡು ಬಾ, ಒಂದು ಕೋಲಿಗೆ ಕಟ್ಟಿ ಇಲ್ಲಿ ನೆಡೋಣ. ನಿನಗೆ ಬರೋ ಈ ಊರಿನ ಅಕ್ಷರದಲ್ಲೇ ಬರಿ. ಮೇಲೆ ಈ ಹಕ್ಕಿಯ ಹೆಸರು ಬರಿ, ನಮ್ಮೂರಿನದು. ಕೆಳಗೆ ದೊಡ್ಡದಾಗಿ, ಅವಳು ಹೇಳ್ತಿರೋದನ್ನೇ ಬರಿ."