ಕ್ಯಾನಿನ ಕಂಠದಲ್ಲಿ ಲೋಳೆ

ಹತ್ತಿರ ಬಂದು ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ದ್ಯಾವಮ್ಮನ ಹಾಲಿನ ಕ್ಯಾನಿಗೆ ಕಣ್ಣಿಗೆ ಕಾಣದ ಒಂದು ಕ್ರಿಮಿ ಬಂದು, "ಅಣ್ಣಾ, ಒಂಟಿಯಾಗಿದ್ದೀನಿ, ಕಂಠದ ಸಂದಿಯಲ್ಲಿ ಜಾಗ ಕೊಡು" ಅಂದಿತು. ಕ್ಯಾನು ಕೊಟ್ಟಿತು. ನಾಲ್ಕೇ ದಿನಕ್ಕೆ ಅದರ ಬಳಗವೆಲ್ಲ ಲೋಳೆಯ ಕಂಬಳಿ ಹೊದ್ದು ಬೀಡುಬಿಟ್ಟಿತು. ದ್ಯಾವಮ್ಮ ಗಲಬರಿಸಿದ ಬಿಸಿನೀರೆಲ್ಲ ಕಂಬಳಿಯ ಮೇಲೆ ಜಾರಿಹೋಯಿತು. ಹಾಲು ಒಡೆಯಿತು, ಡೈರಿಯವರು ವಾಪಸು ಕಳಿಸಿದರು.

"ನಾಳೆಯೂ ಒಡೆದರೆ ಈ ಕ್ಯಾನು ಗುಜರಿಗೆ!" ಅಂದಳು ದ್ಯಾವಮ್ಮ.



"ಬಾಯಿ ತೆಗಿಯೋ, ಉಜ್ಜುತೀನಿ" ಅಂದಿತು ಪಕ್ಕದಲ್ಲಿದ್ದ ಪಾತ್ರೆ ತಿಕ್ಕುವ ತೆಂಗಿನ ನಾರು.

"ಬೇಡಕ್ಕ, ಉರಿಯುತ್ತೆ. ನೀರೇ ಸಾಕು."

"ಉರಿ ತಡೀತೀಯೋ, ಗುಜರಿಗೆ ಹೋಗ್ತೀಯೋ?"

ಕ್ಯಾನು ಹಲ್ಲು ಕಚ್ಚಿ ಮುಚ್ಚಳ ಸಡಿಲಿಸಿತು. ನಾರು ಕಂಬಳಿಯನ್ನು ಕಿತ್ತೆಸೆಯಿತು, ಹಿಂದೆಯೇ ಬಿಸಿನೀರು ನುಗ್ಗಿತು.

ಕ್ರಿಮಿಯ ಬಳಗ ಚರಂಡಿ ಪಾಲಾಯಿತು. ನಾರು ಸವೆದು ಒಲೆ ಸೇರಿತು. ಕ್ಯಾನು ಇವತ್ತಿಗೂ ಡೈರಿಗೆ ಹೋಗಿಬರುತ್ತಿದೆ. ಒಂಟಿ ಅಂದವರಿಗೆ ಮಾತ್ರ ಜಾಗ ಕೊಡುವುದಿಲ್ಲ.