ಪ್ಯಾಚ್ ಮುಟ್ಟಿದ ಫೈಲುಗಳು

ಹೊಳೆಯ ದಡದಲ್ಲೊಂದು ಆಶ್ರಮ. ಅಲ್ಲಿನ ಗುರು ಗಿರಿಜಾಂಬೆ. ಸನ್ಯಾಸಕ್ಕೆ ಮೊದಲು ಅವರು ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು.

ನೀರು ಏರಿದಾಗ ದಡದ ಊರುಗಳಲ್ಲಿ ಸೈರನ್ ಕೂಗಿಸುವ ಪ್ರೋಗ್ರಾಂ ಆಶ್ರಮದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಶಿಷ್ಯ ಪ್ರಮಥ.

ಆ ವರ್ಷ ಕೆಳದಂಡೆಯಲ್ಲಿ ಬೆಸ್ತರ ಹೊಸ ಕೇರಿ ಎದ್ದಿತು. ಅದನ್ನೂ ಸೇರಿಸಲು ಆಶ್ರಮದ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಪ್ಯಾಚ್ ಕಳಿಸಿದ. ಯಾವ ಫೈಲಿನಲ್ಲಿ ಯಾವ ಸಾಲು ಬದಲಾಗಬೇಕೆಂದು ಹೇಳುವ ತಿದ್ದುಪಡಿ ಅದು.

ತುಂಬ ಉದ್ದವಿತ್ತು. ಪ್ರಮಥ ಓದದೆಯೇ ಹಾಕಿಬಿಟ್ಟ.

ಬೆಳಿಗ್ಗೆ ಪರೀಕ್ಷಿಸಿ ನೋಡಿದರೆ ಒಂದು ಊರಿನಲ್ಲೂ ಸೈರನ್ ಕೂಗಲಿಲ್ಲ. ಅಷ್ಟರಲ್ಲೇ, ಅಂದು ಸಂಜೆ ಅಣೆಕಟ್ಟಿನಿಂದ ನೀರು ಬಿಡುತ್ತಾರೆಂದು ಸುದ್ದಿ ಬಂತು.

ಪ್ಯಾಚ್ ತೆಗೆದುಹಾಕಿದರೆ ಹಳೆಯ ಊರುಗಳ ಸೈರನ್ ಕೂಗುತ್ತಿತ್ತು. ಆದರೆ ಹೊಸ ಕೇರಿಗೆ ಎಚ್ಚರಿಕೆಯೇ ಇರುತ್ತಿರಲಿಲ್ಲ.

ಪ್ರಮಥ ಪ್ರೋಗ್ರಾಮಿನ ಮೊದಲ ಫೈಲು ತೆರೆದು ಓದತೊಡಗಿದ. ಊಟದ ಗಂಟೆ ಬಾರಿಸಿದರೂ ಏಳಲಿಲ್ಲ. ಗಿರಿಜಾಂಬೆ ತಾವೇ ಬಂದರು.

“ಏನು ಹುಡುಕ್ತಿದ್ದೀಯಪ್ಪಾ?”

“ತಪ್ಪನ್ನು, ಅಮ್ಮ.”

“ಎಲ್ಲಿದೆ ಅಂತ?”

“ಎಲ್ಲಿ ಬೇಕಾದರೂ ಇರಬಹುದು. ನೂರಾರು ಫೈಲುಗಳಿವೆ.”

ಅವರು ಪಕ್ಕದಲ್ಲಿ ಕೂತು, ಕಪ್ಪು ಪರದೆಯ ಮೇಲೆ ಎಲ್‌ಎಸ್‌ಡಿಫ್ ಎಂಬ ಪುಟ್ಟ ಆದೇಶ ಬರೆದು, ಮುಂದೆ ಪ್ಯಾಚಿನ ಹೆಸರು ಸೇರಿಸಿದರು.

ಆ ಆದೇಶ ಏನು ಬದಲಾಯಿತೆಂದು ಹೇಳಲಿಲ್ಲ. ಪ್ಯಾಚ್ ಮುಟ್ಟಿದ ಫೈಲುಗಳ ಹೆಸರನ್ನಷ್ಟೇ ಹೇಳಿ ಸುಮ್ಮನಾಯಿತು. ಊರುಗಳ ಹೆಸರಿನ ಫೈಲು, ಹೊಳೆಯ ನಕ್ಷೆಯ ಫೈಲು, ಸೈರನ್ ಕೂಗಿಸುವ ಫೈಲು.

ಪ್ರಮಥ ಕಣ್ಣುಜ್ಜಿಕೊಂಡು ನೋಡಿದ. ಪ್ಯಾಚಿನ ಉದ್ದವೆಲ್ಲ ನಕ್ಷೆಯದೇ ಇರಬೇಕು ಎನಿಸಿತು.

“ಕೇರಿ ಸೇರಿಸೋದಕ್ಕೆ ಸೈರನ್ ಫೈಲನ್ನು ಮುಟ್ಟಬೇಕಾಗಿರಲಿಲ್ಲವಲ್ಲ, ಅಮ್ಮ?”



ಅವನು ಅದೊಂದನ್ನೇ ತೆರೆದ. ಅಲ್ಲಿ ಬದಲಾಗಿದ್ದದ್ದು ಒಂದೇ ಸಾಲು. ಫೋನ್ ಮಾಡಿ ಕೇಳಿದಾಗ ಹಳೆಯ ವಿದ್ಯಾರ್ಥಿ ನಾಚಿಕೊಂಡು ಒಪ್ಪಿಕೊಂಡ. ಮನೆಯಲ್ಲಿ ಪರೀಕ್ಷಿಸುವಾಗ ತೊಟ್ಟಿಲ ಮಗು ಎದ್ದೀತೆಂದು ಸದ್ದು ನಿಲ್ಲಿಸಿದ್ದನಂತೆ. ಮತ್ತೆ ಚಾಲೂ ಮಾಡಲು ಮರೆತಿದ್ದ.

ಪ್ರಮಥ ಆ ಸಾಲನ್ನು ಸರಿಪಡಿಸಿ ಇನ್ನೊಮ್ಮೆ ಪರೀಕ್ಷಿಸಿದ. ಹೊಳೆಯುದ್ದಕ್ಕೂ ಸೈರನ್ ಕೂಗಿತು. ಕೊನೆಯಲ್ಲಿ, ಬಹಳ ದೂರದಿಂದ, ಹೊಸ ಕೇರಿಯದೂ ಕೇಳಿಸಿತು.

ಅವನು ಮುಖ ಮುಚ್ಚಿಕೊಂಡು ಅತ್ತ. ಅಳು ನಿಂತಾಗ ಮೈ ಹಗುರವಾಗಿತ್ತು.

“ಓದದೆ ಹಾಕಿದ್ದು ನಾನು. ಎಲ್ಲವನ್ನೂ ಕೆಡಿಸಿಬಿಟ್ಟೆ ಅಂದುಕೊಂಡಿದ್ದೆ, ಅಮ್ಮ,” ಎಂದ.

ಗಿರಿಜಾಂಬೆ ಎದ್ದು ಸೆರಗು ಸರಿಮಾಡಿಕೊಂಡರು.

“ಎಲ್ಲವನ್ನೂ ಕೆಡಿಸೋವಷ್ಟು ದೊಡ್ಡವನಲ್ಲಪ್ಪ ನೀನು. ಬಾ, ಊಟ ಮಾಡು.”